ಒರೆಸದ ಪಾದ

ಗುಂಡುಸೂಜಿ ಮೊದಲು ಕಂಡದ್ದು ನನಗಲ್ಲ, ನನ್ನ ಹೆಂಡತಿ ನಫೀಸಾಳಿಗೆ.

ಕಳೆದ ಮಳೆಗಾಲದ ಒಂದು ಮಧ್ಯಾಹ್ನ. ಬಂದರಿನ ನನ್ನ ಬಟ್ಟೆ ಅಂಗಡಿಯಿಂದ ಕುದ್ರೋಳಿಯ ಮನೆಗೆ ಊಟಕ್ಕೆ ಬಂದಿದ್ದೆ. ಬೆಂಚಿನ ಮೇಲೆ ಕೂತು ಬೂಟು ಕಳಚಿದೆ. ನಮಾಝಿಗೆ ಮೊದಲು ಕೈಕಾಲು ತೊಳೆಯಲು ನೀರು ತಂದಿಟ್ಟ ನಫೀಸಾ ಒಳಗೆ ಹೋಗದೆ ಅಲ್ಲೇ ನಿಂತಳು.

"ಆ ಕಾಲು ಸ್ವಲ್ಪ ಎತ್ತಿ," ಎಂದಳು.

ಬಲಗಾಲಿನ ಕಾಲುಚೀಲದ ಅಡಿಯಲ್ಲಿ, ಕಿರುಬೆರಳಿನ ಬುಡದಲ್ಲಿ, ಸೂಜಿಯ ತಲೆ ಹೊಳೆಯುತ್ತಿತ್ತು. ಅವಳು ಹಿಡಿದು ಎಳೆದಳು. ಇಡೀ ಸೂಜಿ ಹೊರಗೆ ಬಂತು, ರಕ್ತದ ಸಮೇತ. ಕಾಲುಚೀಲವನ್ನೂ ಅವಳೇ ಕಳಚಿದಳು. ಹೊಸ ಬಟ್ಟೆಗೆ ಚೀಟಿ ಚುಚ್ಚಿ ಕಳಿಸುತ್ತಾರಲ್ಲ, ಆ ಸೂಜಿ. ಬೆಳಿಗ್ಗೆ ಬಂಡಲ್ ಬಿಚ್ಚುವಾಗ ಅಂಗಡಿಯ ಹಾಸಿನ ಮೇಲೆ ಬಿದ್ದದ್ದನ್ನು ತುಳಿದಿರಬೇಕು. ಅದರ ಮೇಲೆಯೇ ಬೂಟು ಹಾಕಿಕೊಂಡು ಮನೆಯವರೆಗೆ ನಡೆದು ಬಂದಿದ್ದೆ.

ನನಗೆ ಏನೂ ಗೊತ್ತಾಗಿರಲಿಲ್ಲ.

"ನನ್ನದು ಎಮ್ಮೆ ಚರ್ಮ," ಎಂದು ನಕ್ಕೆ. ಅವಳು ನಗಲಿಲ್ಲ. ಅವಳ ಕಣ್ಣು ಸೂಜಿ ಬಿಟ್ಟು ನನ್ನ ಬೆರಳ ಸಂದುಗಳ ಮೇಲೆ ಹೋಗಿತ್ತು. ಅಲ್ಲಿ ಚರ್ಮ ನೆನೆದ ಅವಲಕ್ಕಿಯ ಹಾಗೆ ಬಿಳಿಚಿ ಸುಲಿದಿತ್ತು. ವಾಸನೆಯೂ ಇತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮುಚ್ಚಿಟ್ಟಿದ್ದೆ.

ಬೂಟಿನ ವಿಷಯ ಹೇಳದೆ ಇದು ಅರ್ಥವಾಗುವುದಿಲ್ಲ. ಐವತ್ತೆರಡು ವರ್ಷ ನಾನು ಬರಿಗಾಲಲ್ಲಿ ಇಲ್ಲವೇ ರಬ್ಬರ್ ಚಪ್ಪಲಿಯಲ್ಲಿ ತಿರುಗಾಡಿದವನು. ಹೋದ ವರ್ಷ ದುಬಾಯಿಯಿಂದ ರಜೆಗೆ ಬಂದ ತಮ್ಮ ಹಮೀದ್ ಒಂದು ಜೊತೆ ಕಪ್ಪು ಬೂಟು, ಒಂದು ಡಜನ್ ನೈಲಾನ್ ಕಾಲುಚೀಲ ತಂದುಕೊಟ್ಟ. ಹಾಕಿದ ಮೊದಲ ದಿನವೇ ವಾಮಂಜೂರಿನಿಂದ ಬಟ್ಟೆಗೆ ಬರುವ ಶೆಟ್ಟರು, "ಎಂತ ಮಾರಾಯ್ರೆ, ನೀವು ಕೂಡ ಗಲ್ಫಿಗೆ ಹೊರಟದ್ದಾ?" ಎಂದರು. ಆ ಮಾತಿಗೆ ನಾನು ಉಬ್ಬಿಹೋದೆ. ಆಮೇಲೆ ಚಪ್ಪಲಿ ಮೂಲೆ ಸೇರಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಮಂಗಳೂರಿನ ಜುಲೈ ಮಳೆಯಲ್ಲಿ ನೈಲಾನ್ ಹಾಕಿದೆ.

ಬೂಟು ಮಾತ್ರ ಆಗಿದ್ದರೆ ಇಷ್ಟಾಗುತ್ತಿರಲಿಲ್ಲವೇನೋ. ದಿನಕ್ಕೆ ಐದು ಸಲ ನಮಾಝಿಗೆ ವುಝೂ ಮಾಡುತ್ತೇನೆ, ಅಂದರೆ ಮುಖ, ಕೈ, ಕಾಲು ತೊಳೆಯುತ್ತೇನೆ. ತೊಳೆದ ನೀರನ್ನು ಎಂದೂ ಒರೆಸಿದವನಲ್ಲ. ಅದು ತಾಯಿ, ನನ್ನ ಉಮ್ಮ, ಕಲಿಸಿದ್ದು. "ಒರೆಸಬೇಡ ಮೋನೆ, ನೀರಿನ ಹನಿ ಬೀಳುವಾಗ ಪಾಪವೂ ಬೀಳ್ತದೆ," ಎನ್ನುತ್ತಿದ್ದಳು. ಬರಿಗಾಲಿನ ಕಾಲದಲ್ಲಿ ಅದರಿಂದ ತೊಂದರೆ ಇರಲಿಲ್ಲ. ಮಸೀದಿಯಿಂದ ಅಂಗಡಿಗೆ ಹೋಗುವಷ್ಟರಲ್ಲಿ ಗಾಳಿಗೆ ಕಾಲು ಒಣಗುತ್ತಿತ್ತು. ಈಗ ಅದೇ ಒದ್ದೆ ಕಾಲನ್ನು ಐದು ಸಲವೂ ನೈಲಾನಿನೊಳಗೆ ತುರುಕಿ ಬೂಟಿನ ಲೇಸು ಬಿಗಿದೆ. ಉಮ್ಮ ಬದುಕಿದ್ದಾಗ ನಮ್ಮ ಮನೆಯಲ್ಲಿ ಬೂಟೇ ಇರಲಿಲ್ಲ. ಬೂಟಿನ ಬಗ್ಗೆ ಅವಳು ಎಂತ ಹೇಳುತ್ತಿದ್ದಳೋ.

ತುರಿಕೆ ಶುರುವಾದಾಗ ಅರಶಿನ ಕಲಸಿದ ತೆಂಗಿನೆಣ್ಣೆ ಹಚ್ಚಿದೆ. ಎಣ್ಣೆಯ ಮೇಲೆ ಮತ್ತೆ ಕಾಲುಚೀಲ. ಅಂಗಡಿಯಲ್ಲಿ ಹಾಸಿನ ಮೇಲೆ ಗಿರಾಕಿಗಳ ಎದುರು ಕೂರುವಾಗ ವಾಸನೆ ಬಂದೀತೆಂದು, ವುಝೂವಿನ ಹೊತ್ತು ಬಿಟ್ಟರೆ ಕಾಲುಚೀಲ ಕಳಚುವುದನ್ನೇ ಬಿಟ್ಟೆ.

ಸೂಜಿ ಚುಚ್ಚಿದ ಐದನೆಯ ದಿನ ಜ್ವರ ಬಂತು. ಪಾದ ಕೆಂಪಾಗಿ ಊದಿ, ಕೆಂಪು ಗೆರೆಯೊಂದು ಮೊಣಕಾಲಿನತ್ತ ಏರುತ್ತಿತ್ತು. ನಫೀಸಾ ನನ್ನನ್ನು ಕೇಳಲಿಲ್ಲ. ರಿಕ್ಷಾ ಕರೆಸಿದಳು.

ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ನನ್ನ ಮೂತ್ರವನ್ನು ನೀಲಿ ದ್ರವದ ಜೊತೆ ಟೆಸ್ಟ್ ಟ್ಯೂಬಿನಲ್ಲಿ ಹಾಕಿ ಕುದಿಸಿದಳು. ನೀಲಿ ಹಸಿರಾಗಿ, ಹಳದಿಯಾಗಿ, ಕೊನೆಗೆ ಹಂಚಿನ ಬಣ್ಣಕ್ಕೆ ತಿರುಗಿತು.

"ಶುಗರ್ ಉಂಟು. ಇವತ್ತು ನಿನ್ನೆಯದ್ದಲ್ಲ," ಎಂದರು ಡಾಕ್ಟರ್ ರೈ. ಗಟ್ಟಿ ಮೈಕಟ್ಟಿನ, ಮೆಲ್ಲಗೆ ಮಾತನಾಡುವ ಸರ್ಜನ್. "ಅದಕ್ಕೇ ಸೂಜಿ ಚುಚ್ಚಿದ್ದು ಗೊತ್ತಾಗಲಿಲ್ಲ. ನರ ಸತ್ತ ಹಾಗೆ ಆಗ್ತದೆ. ಬೆರಳ ಸಂದಿನಲ್ಲಿ ಫಂಗಸ್, ಚರ್ಮ ಮೊದಲೇ ಒಡೆದಿದೆ. ಸೂಜಿ ಇಲ್ಲದಿದ್ರೂ ಇದು ಬರುತ್ತಿತ್ತು, ಸ್ವಲ್ಪ ತಡವಾಗಿ."

ಅವರು ಕೆಂಪು ಗೆರೆಯ ಮೇಲೆ ಮೊಣಕಾಲಿನವರೆಗೆ ಬೆರಳಾಡಿಸಿ ನೋಡಿದರು.

"ಎರಡು ದಿನ ನೋಡ್ತೇನೆ ಮೊಯ್ದಿನಬ್ಬರೆ. ಇಳಿಯದಿದ್ರೆ ಎರಡು ಬೆರಳು ತೆಗೀಬೇಕು. ಅದಕ್ಕೂ ನಿಲ್ಲದಿದ್ರೆ ಕಾಲು."

ಕಾಲು.

ಆ ಶಬ್ದ ಕೇಳಿದ ಮೇಲೆ ಅವರು ಹೇಳಿದ ಉಳಿದ ಮಾತೆಲ್ಲ ನಫೀಸಾಳೇ ನೆನಪಿಟ್ಟದ್ದು. ಇನ್ಸುಲಿನ್, ಪೆನ್ಸಿಲಿನ್, ಬೆಳಿಗ್ಗೆ ಸಂಜೆ ಡ್ರೆಸ್ಸಿಂಗ್. ಎಡಗಾಲಿನ ಸಂದುಗಳಿಗೆ ನೇರಳೆ ಬಣ್ಣದ ಔಷಧಿ. ಎಲ್ಲಕ್ಕಿಂತ ಮುಖ್ಯ, ಎರಡೂ ಕಾಲು ಒಣಗಿರಬೇಕು.

ಇನ್ನು ಹೇಳುವುದು ನನ್ನ ದಡ್ಡತನದ ಕಥೆ. ಮಂಚದಲ್ಲಿ ಕೂತೇ ನಮಾಝ್ ಮಾಡುತ್ತಿದ್ದೆ. ಕಾಲು ಹೋಗುವ ಹೊತ್ತಿನಲ್ಲಿ ವುಝೂ ಅರ್ಧಂಬರ್ಧ ಮಾಡಿದರೆ ದೇವರ ಹತ್ತಿರ ಯಾವ ಮುಖದಲ್ಲಿ ಬೇಡುವುದು ಎಂಬ ಹೆದರಿಕೆ ನನಗೆ. ನಫೀಸಾ ಚಹಾ ತರಲು ಹೋದಾಗ ಬಾಗಿ, ಬ್ಯಾಂಡೇಜಿನಿಂದ ಹೊರಗೆ ಕಾಣುವ ಬೆರಳುಗಳಿಗೆ ಚೊಂಬಿನ ನೀರು ಹನಿಸಿದೆ. ಎಡಗಾಲನ್ನು ಪೂರ್ತಿ ತೊಳೆದೆ. ಒರೆಸಲಿಲ್ಲ. ಒಂದು ದಿನದಲ್ಲಿ ಐದು ಸಲವೂ ಹೀಗೇ ಮಾಡಿದೆ.

ಮರುದಿನ ಒದ್ದೆ ಡ್ರೆಸ್ಸಿಂಗ್ ಬಿಚ್ಚಿದ ಸಿಸ್ಟರ್, "ಇದು ಹೇಗೆ ಚಂಡಿ ಆಯ್ತು?" ಎಂದು ಕೇಳಿದರು.

"ಕುಡಿಯುವಾಗ ಚೆಲ್ಲಿತು," ಎಂದೆ.

ಡಾಕ್ಟರ್ ಬಂದು ಎಡಗಾಲಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಹಿಂದಿನ ದಿನ ಹಚ್ಚಿದ ನೇರಳೆ ಬಣ್ಣ ತೊಳೆದುಹೋಗಿತ್ತು. ಅವರು ರೇಗಲಿಲ್ಲ. "ತೊಳೀಬೇಡಿ ಅಂತ ನಾನು ಹೇಳುದಿಲ್ಲ. ಆದ್ರೆ ಈ ಕಾಲನ್ನು ತೊಳೆದ ಕೂಡಲೇ ಒರೆಸಿ. ಆ ಕಾಲಿಗೆ ನೀರೇ ಬೇಡ. ಇಲ್ಲದಿದ್ರೆ ಎರಡೂ ಕಾಲಿಗೆ ನಾನು ಜನ ಅಲ್ಲ, ಆಮೇಲೆ ನನ್ನನ್ನು ಕೇಳ್ಬೇಡಿ," ಎಂದು ಹೇಳಿ ಹೋದರು. ಸುಳ್ಳು ಹೇಳಿ ಸಿಕ್ಕಿಬಿದ್ದ ನಾಚಿಕೆಗೆ ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಒರೆಸಲು ಮಾತ್ರ ಮನಸ್ಸು ಒಪ್ಪಲೇ ಇಲ್ಲ.

ನಫೀಸಾ ಹೊರಟುಹೋದಳು. ಮಕ್ಕಳಿಗೆ ಅಡುಗೆ ಮಾಡಲು ಹೋದಳೆಂದುಕೊಂಡೆ. ಸಂಜೆಗೆ ವಾರ್ಡಿನ ಬಾಗಿಲಲ್ಲಿ ಅವಳ ಹಿಂದೆ ನಮ್ಮ ಮಸೀದಿಯ ಮುಸ್ಲಿಯಾರರು ಕೊಡೆ ಮಡಚುತ್ತ ನಿಂತಿದ್ದರು. ಎಪ್ಪತ್ತು ದಾಟಿದವರು. ಮದರಸದಲ್ಲಿ ನನಗೆ ಅಕ್ಷರ ಕಲಿಸಿದವರು. ಅವರ ಮನೆಗೆ ಹೋಗಿ, ಅವರ ಹೆಂಡತಿಯ ಹತ್ತಿರ ಕೂತು, ಎಲ್ಲವನ್ನೂ ಇವಳು ಹೇಳಿಬಿಟ್ಟಿದ್ದಳು.

"ಮೊಯ್ದೀನ್, ಒರೆಸಬಾರದು ಅಂತ ನಿನಗೆ ಯಾರು ಹೇಳಿದ್ದು?" ಮುಸ್ಲಿಯಾರರು ಕೇಳಿದರು.

"ಉಮ್ಮ."

"ಉಮ್ಮ ಹೇಳಿದ್ದು ತಪ್ಪಲ್ಲ. ಸುಮ್ಮಸುಮ್ಮನೆ ಒರೆಸದೆ ಇರುವುದು ಒಳ್ಳೆಯದೇ. ಆದರೆ ಅದು ಆರೋಗ್ಯ ಇದ್ದವನಿಗೆ. ನಿನ್ನ ಉಮ್ಮ ಈಗ ಇಲ್ಲಿ ಇದ್ದಿದ್ದರೆ ಎಂತ ಮಾಡ್ತಿದ್ದಳು?"

ನನಗೆ ಉತ್ತರ ಗೊತ್ತಿತ್ತು. ಎಡಗಾಲನ್ನು ಮಂಚದಿಂದ ಕೆಳಗಿಳಿಸಿದೆ.

"ಕಟ್ಟಿದ ಕಾಲಿಗೆ ನೀರು ಹಾಕದೆ ವುಝೂ ಮಾಡುವ ದಾರಿ ಉಂಟು, ಹೇಳಿಕೊಡ್ತೇನೆ. ಈಗ ಅಸರ್ ನಮಾಝಿನ ಹೊತ್ತಾಯ್ತು. ಆ ಕಾಲು ತೊಳಿ."

ನಫೀಸಾ ಬೇಸಿನ್ ಹಿಡಿದಳು. ಎಡಗಾಲು ತೊಳೆದೆ. ತೊಳೆದು ಮುಗಿಸಿದ್ದೇ ತಡ, ಮುಸ್ಲಿಯಾರರು ಹೆಗಲ ಮೇಲಿನ ಬಿಳಿ ಬಟ್ಟೆ ತೆಗೆದು ನನ್ನ ಪಾದ ಹಿಡಿದುಕೊಂಡರು. ನಾನು ಕಾಲೆಳೆದುಕೊಳ್ಳಲು ನೋಡಿದೆ. ಅವರು ಬಿಡಲಿಲ್ಲ. ಮೇಲೆ, ಕೆಳಗೆ, ಆಮೇಲೆ ಒಂದೊಂದೇ ಬೆರಳ ಸಂದು, ಅವಸರವಿಲ್ಲದೆ ಒರೆಸಿದರು. ನನಗೆ ಅಳು ತಡೆಯಲಾಗಲಿಲ್ಲ. ಪಕ್ಕದ ಮಂಚದವರು ನೋಡುತ್ತಿದ್ದರು, ನೋಡಲಿ ಎನಿಸಿತು.

ಆ ದಿನದಿಂದ ಒರೆಸಿದೆ.

ಮೂರನೆಯ ದಿನ ಡಾಕ್ಟರ್ ರೈ ಕಿರುಬೆರಳು ತೆಗೆದರು. ಅದು ಕಪ್ಪಾಗಿಬಿಟ್ಟಿತ್ತು. ಪಕ್ಕದ ಬೆರಳನ್ನು ಇನ್ನೂ ಒಂದು ದಿನ ಕಾದು ನೋಡಿದರು, ಮತ್ತೆ ಒಂದು ದಿನ. ಕೆಂಪು ಗೆರೆ ಮೊಣಕಾಲಿನಿಂದ ಕೆಳಗಿಳಿಯಿತು. "ಇದು ಇರಲಿ," ಎಂದರು ಕೊನೆಗೆ. ಆ ಎರಡು ಶಬ್ದಕ್ಕೆ ನಾನು ಅವರಿಗೆ ಎಂದೆಂದಿಗೂ ಋಣಿ.

ಇಪ್ಪತ್ತಮೂರು ದಿನ ಆಸ್ಪತ್ರೆಯಲ್ಲಿದ್ದೆ. ಹೊರಡುವಾಗ ಅವರು ಹೇಳಿದ್ದನ್ನು ನಫೀಸಾ ಬಾಯಿಪಾಠ ಮಾಡಿಕೊಂಡಿದ್ದಾಳೆ. ದಿನಾ ಸಂಜೆ ಬೆಳಕಿದ್ದಾಗಲೇ ಪಾದ ನೋಡಬೇಕು, ಅಡಿಯನ್ನೂ ಸಂದನ್ನೂ. ಬರಿಗಾಲಲ್ಲಿ ನಡೆಯಬಾರದು. ಚಪ್ಪಲಿ, ಬೂಟು ಯಾವುದೇ ಮೆಟ್ಟುವ ಮೊದಲು ಕೈಯಾಡಿಸಿ ನೋಡಬೇಕು. ಹತ್ತಿಯ ಕಾಲುಚೀಲ ಸಾಕು. ಬಿಸಿನೀರಿನ ಬಿಸಿಯನ್ನು ಕಾಲಿನಿಂದ ನೋಡಬಾರದು, ಕೈಯಿಂದ ನೋಡಬೇಕು. ನನ್ನ ಕಾಲಿನ ಮಾತು ನಂಬುವ ಹಾಗಿಲ್ಲ.

ಈಗ ಬೆಳಿಗ್ಗೆ ಅವಳೇ ಗಾಜಿನ ಸಿರಿಂಜ್ ಕುದಿಸಿ ಇನ್ಸುಲಿನ್ ಕೊಡುತ್ತಾಳೆ. ಸಂಜೆ ಅಸರ್ ಮುಗಿದ ಮೇಲೆ ಅಂಗಳದ ಕಡೆಯ ಮೆಟ್ಟಿಲಲ್ಲಿ ನನ್ನನ್ನು ಕೂರಿಸಿ, ಕಾಲನ್ನು ಮಡಿಲಲ್ಲಿಟ್ಟು ನೋಡುತ್ತಾಳೆ. ಮೊದಲು ನನಗೆ ಬಹಳ ಸಂಕೋಚವಾಗುತ್ತಿತ್ತು. ಮದುವೆಯಾಗಿ ಇಪ್ಪತ್ತೆಂಟು ವರ್ಷ ಅವಳು ನನ್ನ ಅಂಗಾಲನ್ನು ನೋಡಿದವಳಲ್ಲ, ನಾನು ತೋರಿಸಿದವನೂ ಅಲ್ಲ. ಒಂದು ತಿಂಗಳು ಕಳೆದ ಮೇಲೆ ಸಂಕೋಚ ಹೋಯಿತು.

ಹೋದ ವಾರ ಅವಳು ನೋಡಿ ಮುಗಿಸಿ ಏಳುವಾಗ ಗೋಡೆ ಹಿಡಿದುಕೊಂಡಳು. ಮುಖ ಸ್ವಲ್ಪ ಕಿವುಚಿತು.

"ಎಂತ ಆಯ್ತು?" ಎಂದೆ.

"ಎಂತ ಇಲ್ಲ."

"ಕೂತುಕೋ. ನಿನ್ನ ಕಾಲು ತೋರಿಸು."

"ನನ್ನ ಕಾಲಿಗೆ ಎಂತ ಆಗಿದೆ? ಬಿಡಿ," ಎಂದು ಸೀರೆ ಎಳೆದುಕೊಂಡಳು. ನಾನು ಬಿಡಲಿಲ್ಲ.

ಎರಡೂ ಹಿಮ್ಮಡಿ ಒಡೆದಿದ್ದವು. ಒಂದೊಂದು ಸೀಳಿನಲ್ಲಿ ಅಕ್ಕಿಕಾಳು ಹೂತುಹೋಗುವಷ್ಟು ಆಳ. ಬಲಗಾಲಿನ ಒಂದು ಸೀಳಿನಿಂದ ರಕ್ತ ಜಿನುಗುತ್ತಿತ್ತು. ಅಡುಗೆಮನೆಯ ಒದ್ದೆ ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಿಂತ ಕಾಲುಗಳು.

"ಎಷ್ಟು ಸಮಯದಿಂದ ಉಂಟು ಇದು?"

ಅವಳು ಸ್ವಲ್ಪ ಯೋಚಿಸಿದಳು. "ಸಣ್ಣವಳು ಹುಟ್ಟುವ ಮೊದಲಿನಿಂದ ಇರಬೇಕು."

ಸಣ್ಣವಳಿಗೆ ಈಗ ಹದಿನಾಲ್ಕು.

ಮರುದಿನ ಅಂಗಡಿಗೆ ಹೋಗದೆ ಅವಳನ್ನು ಡಾಕ್ಟರ್ ರೈ ಹತ್ತಿರ ಕರೆದುಕೊಂಡು ಹೋದೆ. ಅವಳ ಟೆಸ್ಟ್ ಟ್ಯೂಬು ನೀಲಿಯಾಗಿಯೇ ಉಳಿಯಿತು. ಅಲ್‌ಹಮ್ದುಲಿಲ್ಲಾಹ್. ಉಗುರುಬೆಚ್ಚಗಿನ ನೀರಲ್ಲಿ ಕಾಲು ನೆನೆಸಿ, ಸತ್ತ ಚರ್ಮ ಮೆಲ್ಲಗೆ ಉಜ್ಜಿ, ಮುಲಾಮು ಹಚ್ಚಿ, ಮನೆಯೊಳಗೂ ಚಪ್ಪಲಿ ಹಾಕಬೇಕೆಂದರು. ಅಡುಗೆಮನೆಯಲ್ಲಿ ಚಪ್ಪಲಿ ಹಾಕಿದರೆ ಜನ ಎಂತ ಹೇಳಿಯಾರು ಎಂದು ಅವಳು ದಾರಿಯುದ್ದಕ್ಕೂ ಗೊಣಗಿದಳು. ಹೊಸ ಹವಾಯಿ ಚಪ್ಪಲಿ ಕೊಂಡೇ ಮನೆಗೆ ಬಂದೆವು.

ನನ್ನ ಶುಗರ್ ಹೋಗುವುದಿಲ್ಲ. ಹೋದ ಬೆರಳು ಬರುವುದಿಲ್ಲ. ಪಕ್ಕದ ಬೆರಳು ಎಷ್ಟು ದಿನ ಉಳಿದೀತೋ ಅದೂ ಗೊತ್ತಿಲ್ಲ. ಸಂಜೆ ಮೆಟ್ಟಿಲಲ್ಲಿ ಮೊದಲು ನನ್ನ ಕಾಲು ಅವಳ ಮಡಿಲಿಗೆ, ಆಮೇಲೆ ಅವಳ ಕಾಲು ನನ್ನ ಮಡಿಲಿಗೆ. ಇಬ್ಬರದೂ ಸೇರಿ ಹತ್ತೊಂಬತ್ತು ಬೆರಳು. ಬೆಳಕು ಹೋಗುವ ಮೊದಲು ಎಲ್ಲವನ್ನೂ ನೋಡಿ ಮುಗಿಸುತ್ತೇವೆ.