ಆಯಿಯ ರಿಮೋಟಿನ ಕಣ್ಣು

ದಿನಚರಿಯಲ್ಲಿ ಒಮ್ಮೆ ಬರೆದ ಅಂಕಿಯನ್ನು ನಾನು ತಿದ್ದುವುದಿಲ್ಲ. ಬಸ್ಸು ಎಷ್ಟು ನಿಮಿಷ ತಡವಾಯಿತು, ಬೆಕ್ಕು ಎಷ್ಟು ಮರಿ ಹಾಕಿತು, ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಹಾಗಾಗಿ ಆ ಒಂಬತ್ತು ಸೊನ್ನೆಗಳೂ ಬರೆದಲ್ಲೇ ಇವೆ.

ನಮ್ಮ ಮನೆ ಹೊನವಾಡದಲ್ಲಿ, ನನ್ನ ಕೆಲಸ ವಿಜಯಪುರದಲ್ಲಿ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತೇವೆ. ಲಕ್ವಾ ಹೊಡೆದು ಆಕೆಯ ಬಲಗೈ ಸೋತಿತ್ತು. ಹೆಬ್ಬೆರಳು ಅಲ್ಲಾಡುತ್ತಿತ್ತು, ಆದರೆ ಏನನ್ನು ಮುಟ್ಟಿದರೂ ಅದಕ್ಕೆ ತಿಳಿಯುತ್ತಿರಲಿಲ್ಲ. ವಿಜಯಪುರದಲ್ಲಿ ಕೈ ವ್ಯಾಯಾಮ ಹೇಳಿಕೊಡುವ ಮೇಡಂ, ದಿನಾ ಬೆಳಿಗ್ಗೆ ಹೆಬ್ಬೆರಳಿನಿಂದ ಏನನ್ನಾದರೂ ಒತ್ತಿಸಿ ಲೆಕ್ಕ ಬರೆದಿಡಿ ಎಂದಿದ್ದರು. ಲೆಕ್ಕ ಎಂದ ಮೇಲೆ ಅದು ನನ್ನ ಪಾಲಿನ ಕೆಲಸ.

ಆಯಿಯೇ ಟಿವಿಯ ರಿಮೋಟನ್ನು ಆರಿಸಿಕೊಂಡಳು. ನಾವು ಚಾನೆಲ್ ಬದಲಿಸಲು ಸೆಟ್‌ಟಾಪ್ ಬಾಕ್ಸಿನ ರಿಮೋಟನ್ನು ಬಳಸುತ್ತಿದ್ದೆವು. ಟಿವಿಯದ್ದು ಪ್ಲಾಸ್ಟಿಕ್ ಕವರಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಆಯಿಯ ತಲೆದಿಂಬಿನ ಕೆಳಗೆ ಸೇರಿತು. ನಾನು ಟಿವಿಯ ಬದಿಯ ಗುಂಡಿ ಒತ್ತಿ ದನಿಯನ್ನು ಸೊನ್ನೆಗೆ ತರುತ್ತಿದ್ದೆ. ಅಲ್ಲಿಂದ ಬೆರಳು ಸೋಲುವವರೆಗೆ ಆಕೆ ದನಿ ಏರಿಸುತ್ತಿದ್ದಳು. ಗುಂಡಿ ಒಳಗೆ ಹೋಯಿತೋ ಇಲ್ಲವೋ ಬೆರಳಿಗೆ ತಿಳಿಯದ ಕಾರಣ ಪರದೆಯ ಮೇಲಿನ ಹಸಿರು ಅಂಕಿಯೇ ಆಕೆಗೆ ಸಾಕ್ಷಿ. ಮೊದಲ ದಿನ ಮೂರು. ಎರಡು ತಿಂಗಳಿಗೆ ಹದಿನೇಳು.

ಆ ವಾರವೇ ಬಬಲೇಶ್ವರದ ಗೆಳೆಯನೊಬ್ಬ ತನ್ನ ಹಳೆಯ ಗೇಮ್ ಯಂತ್ರ ಕೊಟ್ಟ. ಅದರ ಕೋಲನ್ನು ಕೈಯಲ್ಲಿ ಹಿಡಿದು ಬೀಸಿದರೆ ಪರದೆಯ ಮೇಲೆ ಚೆಂಡು ಉರುಳುವ ಆಟ. ಟಿವಿಯ ಮುಂದೆ ಇಡುವ ಸೆನ್ಸರ್ ಪಟ್ಟಿ ಮಾತ್ರ ಇರಲಿಲ್ಲ; ಅದರ ವೈರನ್ನು ಇಲಿ ಕಡಿದು, ಅವನು ಎಸೆದಿದ್ದ. ಹೆಸರಷ್ಟೇ ದೊಡ್ಡದು, ಆ ಪಟ್ಟಿ ಏನನ್ನೂ ಗ್ರಹಿಸುವುದಿಲ್ಲ. ಎರಡು ತುದಿಯಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಉರಿಯುತ್ತಿರುತ್ತದೆ. ಕೈಯಲ್ಲಿನ ಕೋಲು ಆ ಎರಡು ಚುಕ್ಕೆಗಳನ್ನು ನೋಡಿ ತಾನೆಲ್ಲಿದ್ದೇನೆ ಎಂದು ಅಂದಾಜು ಮಾಡುತ್ತದೆ. ಅಂಥ ಬೆಳಕು ಪ್ರತಿ ರಿಮೋಟಿನ ಮೂತಿಯಲ್ಲೂ ಒಂದಿರುತ್ತದೆ.

ಕೆಟ್ಟ ರಿಮೋಟನ್ನು ನಮ್ಮ ಮನೆಯಲ್ಲಿ ಯಾರೂ ಎಸೆಯುವುದಿಲ್ಲ. ಕಪಾಟಿನಲ್ಲಿ ಐದು ಸಿಕ್ಕವು. ಅವುಗಳ ಮೂತಿಯ ಎಲ್‌ಇಡಿಗಳನ್ನು ಕಿತ್ತು ಬ್ಯಾಟರಿಗೆ ಹಿಡಿದು ಫೋನಿನ ಕ್ಯಾಮೆರಾದಲ್ಲಿ ನೋಡಿದೆ. ಮೂರು ನೇರಳೆ ಬಣ್ಣದಲ್ಲಿ ಹೊಳೆದವು, ಎರಡು ಸತ್ತಿದ್ದವು. ಮರದ ಸ್ಕೇಲಿನ ಒಂದೊಂದು ತುದಿಗೆ ಎರಡೆರಡು ಎಂದು ನಾನು ನಕ್ಷೆ ಬರೆದಾಗಿತ್ತು. ಮೂರರಲ್ಲೂ ನಡೆಯುತ್ತಿತ್ತೇನೋ. ಆದರೆ ನಕ್ಷೆಯಲ್ಲಿ ನಾಲ್ಕಿತ್ತು.

ಭಾನುವಾರ ಮಧ್ಯಾಹ್ನ ಆಯಿ ಮಲಗಿದ್ದಾಗ ದಿಂಬಿನ ಕೆಳಗಿಂದ ರಿಮೋಟ್ ತೆಗೆದು, ಅದರ ಎಲ್‌ಇಡಿ ಕಿತ್ತು, ರಿಮೋಟನ್ನು ಅಲ್ಲೇ ಇಟ್ಟೆ. ಸಂಜೆಯೊಳಗೆ ತಿರುಗಿ ಹಾಕುವುದು ಎಂದುಕೊಂಡಿದ್ದೆ. "ಈ ಆಟದಾಗ ಆಯಿ ಕೈಗೆ ವ್ಯಾಯಾಮ ಆಗ್ತದ" ಎಂದು ಅವ್ವನಿಗೆ ಮೊದಲೇ ಹೇಳಿದ್ದೆ. ಆ ಮಧ್ಯಾಹ್ನ ನಾನೂ ಇಬ್ಬರು ಗೆಳೆಯರೂ ಸೇರಿ ಮೂವತ್ತೊಂದು ಆಟ ಆಡಿದೆವು. ಎದ್ದು ಕೂತ ಆಯಿ ಮಂಚದ ಮೇಲಿಂದ ನೋಡಿ ನಗುತ್ತಿದ್ದಳು. ಕೋಲನ್ನು ಆಕೆಯ ಕೈಗೆ ನಾನು ಒಮ್ಮೆಯೂ ಕೊಡಲಿಲ್ಲ.

ಸೋಮವಾರ ಬೆಳಿಗ್ಗೆ ಎಂದಿನಂತೆ ದನಿಯನ್ನು ಸೊನ್ನೆಗೆ ತಂದೆ. ಆಯಿ ಒತ್ತಿದಳು. ಅಂಕಿ ಏರಲಿಲ್ಲ. ಆಗಲೇ ನನಗೆ ನೆನಪಾದದ್ದು. ಆಕೆ ಬೆರಳನ್ನು ಸೀರೆಗೆ ಒರೆಸಿಕೊಂಡು ಮತ್ತೆ ಒತ್ತಿದಳು.

"ಸೆಲ್ ಹೋಗ್ಯಾವೇನೋ ನೋಡೋ" ಎಂದು ಅಡುಗೆಮನೆಯಿಂದ ಅವ್ವ ಕೂಗಿದಳು.

"ಸೆಲ್ ಮೊನ್ನೆನೇ ಹಾಕೇನಿ" ಎಂದೆ ನಾನು.

ಅದು ನಿಜವೇ. ಸುಳ್ಳು ಹೇಳಿದ್ದರೂ ಅಷ್ಟು ಕೆಟ್ಟದಾಗುತ್ತಿರಲಿಲ್ಲ. ಆಯಿ ತನ್ನ ಹೆಬ್ಬೆರಳನ್ನು ಎಡಗೈಯಲ್ಲಿ ಹಿಡಿದು ನೋಡಿಕೊಂಡಳು. ಬಸ್ಸಿಗೆ ಹೊತ್ತಾಗಿತ್ತು. ನಾನು ಸೊನ್ನೆ ಬರೆದು ಹೊರಟೆ.

ಮಂಗಳವಾರ ಹನ್ನೊಂದು ಸಲ ಒತ್ತಿದಳು. ಬುಧವಾರ ನಾಲ್ಕು ಸಲ. ಗುರುವಾರ ರಿಮೋಟ್ ದಿಂಬಿನ ಕೆಳಗಿಂದ ಹೊರಗೇ ಬರಲಿಲ್ಲ.

"ಒತ್ತಬೇ ಆಯಿ."

"ಏನ್ ಒತ್ತಲೋ ಯಪ್ಪಾ. ಸತ್ತ ಬೆರಳ ಅದು. ನೀ ಹೋಗು, ಬಸ್ ತಪ್ತದ."

ಒತ್ತದ ದಿನಕ್ಕೆ ಖಾಲಿ ಬಿಡಬೇಕು, ಸೊನ್ನೆ ಬರೆಯಬಾರದು. ಅದು ನಾನೇ ಮಾಡಿಕೊಂಡ ನಿಯಮ. ಖಾಲಿ ಬಿಟ್ಟರೆ ಮೇಡಂ ಯಾಕೆ ಎಂದು ಕೇಳುತ್ತಾರೆ ಎಂದು ಸೊನ್ನೆಯನ್ನೇ ಬರೆದೆ. ಎಲ್‌ಇಡಿಯನ್ನು ಯಾವ ಸಂಜೆಯಾದರೂ ತಿರುಗಿ ಹಾಕಬಹುದಿತ್ತು. ಕೀಳುವಾಗ ಅದರ ತಂತಿಗಾಲುಗಳು ಗಿಡ್ಡವಾಗಿದ್ದವು, ವೈರ್ ಸೇರಿಸಿ ಬೆಸುಗೆ ಹಾಕಿದರೆ ಅರ್ಧ ಗಂಟೆಯ ಕೆಲಸ. ಹಾಕಲಿಲ್ಲ. ಮುಂದಿನ ಭಾನುವಾರಕ್ಕೆ ಗೆಳೆಯರಿಗೆ ಬರಹೇಳಿದ್ದೆ. ಅವರು ಬಂದರು, ಆಡಿದೆವು. ಆಯಿ ಆ ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ಅದರ ಮುಂದಿನ ಬುಧವಾರ ಮೇಡಂಗೆ ತೋರಿಸುವ ದಿನ. ಬಸ್ಸಿನಲ್ಲಿ ಆಯಿ ಕಿಟಕಿಯ ಬಳಿ ಕೂತಿದ್ದಳು, ಲೆಕ್ಕ ಬರೆದ ದಿನಚರಿ ನನ್ನ ಮಡಿಲಲ್ಲಿತ್ತು. ತಿಕೋಟಾ ಬರುವ ಹೊತ್ತಿಗೆ ಆಕೆ, "ಇದ ಕಡೀ ಸಲ ನೋಡು. ಸುಮ್ನ ತ್ರಾಸ್ ಯಾಕ, ಇನ್ನ ಬರಾಂಗಿಲ್ಲ ಅಂತ ಹೇಳಿಬಿಡ್ತೀನಿ" ಎಂದಳು.

ಆಗ ಹೇಳಿದೆ. "ಆಯಿ, ನಿನ್ನ ಕೈ ಸತ್ತಿಲ್ಲಬೇ. ರಿಮೋಟಿನ ಕಣ್ಣ ನಾನ ಕಿತ್ತೇನಿ. ಆಟದ ಪಟ್ಟಿಗೆ ಹಚ್ಚೇನಿ."

ಆಕೆ ಕಿಟಕಿಯಿಂದ ನನ್ನ ಕಡೆ ತಿರುಗಿದಳು. "ಯಾವಾಗ?"

"ಹೋದ ಭಾನುವಾರ ಅಲ್ಲ, ಅದರ ಹಿಂದಿನ ಭಾನುವಾರ."

"ಹಂಗಾದ್ರ ಅಷ್ಟ ದಿನ ನಾ ಒತ್ತೂದು ನಿಂತು ನೋಡಿದಿಯಲ್ಲೋ, ಭಾಡ್ಯಾ!" ಇಡೀ ಬಸ್ಸು ತಿರುಗಿ ನೋಡಿತು. ಮುಂದಿನ ಸೀಟಿನ ಹೆಂಗಸು, "ಏನ್ ಮಾಡ್ಯಾನ್ರಿ ಆಯಿ ನಿಮ್ಮ ಮೊಮ್ಮಗ?" ಎಂದು ಕೇಳಿದಳು.

"ಏನ್ ಮಾಡ್ಯಾನ? ಲೆಕ್ಕ ಬರದಾನ ನೋಡವಾ, ಶಾಣ್ಯಾ ಅದಾನ!"

ವಿಜಯಪುರದಲ್ಲಿ ಇಳಿಯುವಾಗ ನನ್ನ ಕೈ ಬಿಟ್ಟು ಕಂಡಕ್ಟರನ ಭುಜ ಹಿಡಿದಳು.

ಮೇಡಂ ಪುಸ್ತಕ ತೆರೆದು, "ಇದೇನ್ರಿ, ಹದಿನೇಳರಿಂದ ಒಮ್ಮೆಲೆ ಸೊನ್ನೆ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಆಯಿ ಹೇಳಿದಳು: "ಅವು ನನ್ನ ಸೊನ್ನಿ ಅಲ್ರಿ ಬಾಯಾರ. ಇವನವು."

ಕಥೆ ಕೇಳಿ ಮೇಡಂ ನಕ್ಕರು. ಆಮೇಲೆ ಆಯಿಯ ಹೆಬ್ಬೆರಳನ್ನು ತಮ್ಮ ಅಂಗೈಗೆ ಒತ್ತಿಸಿಕೊಂಡು ನೋಡಿದರು. ನಗು ನಿಂತಿತು. "ಇಷ್ಟು ದಿನ ಬಿಡಬಾರದಿತ್ತು" ಎಂದಷ್ಟೇ ಹೇಳಿದರು. ಅದನ್ನು ನನ್ನ ಕಡೆ ನೋಡಿ ಹೇಳಲಿಲ್ಲ.

ಮನೆಗೆ ಬಂದವನೇ ಪಟ್ಟಿ ಬಿಚ್ಚಿ, ಎಲ್‌ಇಡಿಯನ್ನು ರಿಮೋಟಿಗೆ ತಿರುಗಿ ಬೆಸೆದೆ. ಆಯಿ ಒತ್ತಿದಳು. ಆರು. ಆರಕ್ಕೇ ಬೆರಳು ನಡುಗಿ ನಿಂತಿತು. ನಾನು ಆರು ಎಂದು ಬರೆದೆ. ಈ ಸಲ ಅಂಕಿ ನಿಜವಾಗಿಯೂ ಕೈಯದ್ದೇ ಆಗಿತ್ತು, ಆದರೆ ಕೈಯನ್ನು ಅಲ್ಲಿಗೆ ಇಳಿಸಿದವನು ನಾನು.

ಪಟ್ಟಿ ಬಿಚ್ಚಿದ್ದನ್ನು ಫೋನಿನಲ್ಲಿ ಹೇಳಿದಾಗ ಬಬಲೇಶ್ವರದ ಗೆಳೆಯ ನಕ್ಕ. "ಎಲ್‌ಇಡಿ ಯಾಕ್ ಬೇಕಿತ್ತಲೇ? ಟಿವಿ ಮುಂದ ಎರಡ ಮೇಣಬತ್ತಿ ಹಚ್ಚಿಟ್ರ ಸಾಕ, ಆಟ ನಡಿತದ." ಒಂಟಿಯಾಗಿದ್ದಾಗ ಹಚ್ಚಿಟ್ಟು ನೋಡಿದೆ. ನಡೆಯಿತು. ಮೇಣಬತ್ತಿ ದೇವರ ಕಪಾಟಿನಲ್ಲೇ ಇದ್ದವು, ಪೂರ್ತಿ ಒಂದು ಡಬ್ಬಿ. ಬತ್ತಿ ಆರಿಸಿ, ಯಂತ್ರವನ್ನು ಗೆಳೆಯನಿಗೆ ಹಿಂದಿರುಗಿಸಿದೆ.

ಹದಿನೇಳಕ್ಕೆ ಮರಳಲು ಆಯಿಗೆ ಇಪ್ಪತ್ತಾರು ದಿನ ಬೇಕಾಯಿತು. ಈಗ ಇಪ್ಪತ್ತೆರಡರಲ್ಲಿದ್ದಾಳೆ. ನನ್ನೊಡನೆ ಮೊದಲಿನಂತೆ ಮಾತಾಡುತ್ತಾಳೆ, ಬೈಯುತ್ತಾಳೆ, ಬಸ್ಸಿಗೆ ಹೊತ್ತಾಯಿತೆಂದು ಎಬ್ಬಿಸುತ್ತಾಳೆ. ಆದರೆ ಒತ್ತುವ ಮೊದಲು ದಿನಾ ರಿಮೋಟಿನ ಮೂತಿಯನ್ನು ನನ್ನ ಕಡೆ ಹಿಡಿಯುತ್ತಾಳೆ.

"ಮೊದ್ಲ ಫೋನ್ ತಗಿ. ಕಣ್ಣ ಅದನೋ ಇಲ್ಲೋ ತೋರ್ಸು."

ನಾನು ಕ್ಯಾಮೆರಾ ತೆರೆದು ಹಿಡಿಯುತ್ತೇನೆ, ಆಕೆ ಎಡಗೈಯಿಂದ ಒಮ್ಮೆ ಗುಂಡಿ ಒತ್ತುತ್ತಾಳೆ. ಫೋನಿನ ಪರದೆಯಲ್ಲಿ ನೇರಳೆ ಚುಕ್ಕೆ ಮಿಣುಕುವುದನ್ನು ಆಕೆ ತನ್ನ ಕಣ್ಣಿಂದ ನೋಡಿದ ಮೇಲೆಯೇ ಟಿವಿಯ ಕಡೆ ತಿರುಗುತ್ತಾಳೆ.