ಕುರಿ ಕೂತ ದಿಬ್ಬ

ಮೊನ್ನೆ ಅಟ್ಟದಿಂದ ಹಳೆಯ ನಕ್ಷೆಯ ಸುರುಳಿಯೊಂದನ್ನು ಇಳಿಸಿದೆ. ಅದಕ್ಕೆ ಕಟ್ಟಿದ್ದ ಕರಿ ಉಣ್ಣೆಯ ದಾರ ಬಿಚ್ಚುತ್ತಿದ್ದಂತೆ ಕುರಿಯ ವಾಸನೆ ಮೂಗಿಗೆ ಬಡಿಯಿತು. ಇಷ್ಟು ವರ್ಷವಾದರೂ! ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ನಡೆದಳು. ನಾನು ದಾರವನ್ನು ಬೆರಳಿಗೆ ಸುತ್ತಿಕೊಂಡು ಕೂತುಬಿಟ್ಟೆ. ಅದನ್ನು ಹೊಸೆದವಳು ನಮ್ಮ ಕುರಿ ಆಯಿ, ಕುರಿ ಮೇಯಿಸುತ್ತಿದ್ದ ಅಜ್ಜಿ...

ಆಗ ಮಳೆ ಕೈಕೊಟ್ಟು ಔರಾದ, ಭಾಲ್ಕಿ ಕಡೆಯ ಜನ ಕೂಲಿ ಹುಡುಕಿಕೊಂಡು ಬೀದರಿಗೆ ಬರುತ್ತಿದ್ದರು. ಅವರಿಗೆಂದು ಊರ ಹೊರಗೆ ತಗಡಿನ ಮನೆಗಳ ಒಂದು ಬಡಾವಣೆ. ನಕ್ಷೆ ಬರೆಯುವ ಕೆಲಸ ನನ್ನದು. ಹೊಸ ನೌಕರಿ, ಕಿವಿಯ ಮೇಲೆ ಪೆನ್ಸಿಲ್ಲು, ತಲೆಯ ತುಂಬ ಜಂಬ. ಒಂದಡಿಯೂ ಹಾಳಾಗದಂತೆ ಪಟ್ಟಿ ಹಿಡಿದು ಮನೆಗೆ ಮನೆ ಅಂಟಿಸಿ ಗೆರೆ ಎಳೆದೆ ನೋಡಿ, ಮೇಲಧಿಕಾರಿಗಳು ಬೆನ್ನು ತಟ್ಟಿದರು.

ಗೂಟ ಹೊಡೆಯಲು ಹೋದ ಮಧ್ಯಾಹ್ನ, ಮೂರು ಬೇವಿನ ಮರಗಳಿದ್ದ ದಿಬ್ಬದ ಮೇಲೆ ಕುರಿಹಿಂಡು ಮಲಗಿತ್ತು. ಸಂತಪುರದ ಕಡೆಯಿಂದ ಮೇವು ಅರಸಿ ಬಂದಿದ್ದ ಮುದುಕಿ ಉಣ್ಣೆ ನೂಲುತ್ತ ಕೂತಿದ್ದಳು. ಮಗ, ಸೊಸೆ ಊರೊಳಗೆ ಕಲ್ಲು ಹೊರುತ್ತಿದ್ದರು. ಆ ದಿಬ್ಬದ ಮೇಲೆ ನನ್ನ ನಕ್ಷೆಯಂತೆ ಚೀಟಿ ಕೊಟ್ಟು ಹಂಚಿದ್ದ ಏಳು ನಿವೇಶನಗಳಲ್ಲಿ ಒಂದು ಅವಳದೇ. ಸೊಸೆ ಆಗಲೇ ಅಲ್ಲಿ ಸಗಣಿ ಸಾರಿಸಿ ರಂಗೋಲಿ ಎಳೆದಿದ್ದಳು. ಕುರಿ ಎಬ್ಬಿಸು ಎಂದೆ.

"ಎಬ್ಬಿಸ್ತೇನಿ ತಮ್ಮಾ. ಮದಲ ಇಲ್ಲಿ ಒಂದು ಗಳಿಗಿ ಕುಂದ್ರು. ಆಮ್ಯಾಲ ಕೆಳಗ ನಿನ್ನ ಗೂಟದ ಬಾಜು ಕುಂದ್ರು."

ಕೂತೆ. ಮೇಲೆ ತಣ್ಣಗೆ ಗಾಳಿ, ಕೆಳಗೆ ಮೈಯೆಲ್ಲ ಬೆಂಕಿ. ಕುರಿಗಾರರು ಹೊಸ ಊರಿಗೆ ಹೋದರೆ ತಾವು ಜಾಗ ಆರಿಸುವುದಿಲ್ಲವಂತೆ. ನಡುಹಗಲಲ್ಲಿ ಹಿಂಡು ತಾನಾಗಿ ಎಲ್ಲಿ ಕೂರುತ್ತದೋ ಅಲ್ಲೇ ಬಿಡಾರವಂತೆ.

"ಬ್ಯಾಸಿಗ್ಯಾಗ ತಗಡಿನ ಮನ್ಯಾಗ ಯಾರ ಕುಂದರ್ತಾರ? ಬಾಣಂತಿ, ಕೂಸು, ಕೆಮ್ಮೋ ಮುದುಕ್ರು ಎಲ್ಲಿಗಿ ಹೋಗ್ಬೇಕು? ಈ ಜಾಗ ಎಲ್ಲಾರಿಗಿ ಬಿಡು."

"ಬಿಟ್ಟರ ಏಳು ಮನಿ ಹೋಗ್ತಾವ ಆಯಿ. ನಿಮ್ದೂ ಹೋಗ್ತದರಿ."

ಅವಳು ಸೊಸೆಯ ರಂಗೋಲಿಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ನಿವೇಶನದ ಚೀಟಿಯನ್ನು ನನ್ನ ಕೈಗಿಟ್ಟಳು.

ದಿಬ್ಬ ಖಾಲಿ ಬಿಡೋಣವೆಂದದ್ದಕ್ಕೆ ಕಚೇರಿಯಲ್ಲಿ ಬೈಗುಳದ ಸುರಿಮಳೆ. "ಕುರಿ ಮಾತು ಕೇಳಿ ಊರು ಕಟ್ತೀ ಏನೋ?" ಎಂದರು ಮೇಲಧಿಕಾರಿಗಳು. "ಹೌದ್ರಿ ಸಾಹೇಬ್ರ, ನಮಗಿಂತ ಮದಲ ಅವೇ ಜಾಗ ನೋಡ್ಯಾವ್ರಿ" ಎಂದೆ. ಮರುದಿನ ಮಟಮಟ ಮಧ್ಯಾಹ್ನ ಅವರನ್ನೂ ಕರೆದೊಯ್ದು ಮೊದಲು ಮೇಲೆ, ಆಮೇಲೆ ಕೆಳಗೆ ಕೂರಿಸಿದೆ. ಸ್ಥೂಲಕಾಯದ ಮನುಷ್ಯ, ಪಾಪ! ಬೆವರು ಒರೆಸಿಕೊಳ್ಳುತ್ತಲೇ ರುಜು ಹಾಕಿದರು.

ಓಣಿಗಳನ್ನು ಅತ್ತಿತ್ತ ಸರಿಸಿ ಆರು ಮನೆಗಳಿಗೆ ಬೇರೆ ಕಡೆ ಜಾಗ ಮಾಡಿದೆ. ಏಳನೆಯದು, ಚೀಟಿ ಮರಳಿಸಿದ್ದ ಆಯಿಯದು, ಎಷ್ಟು ತಿಣುಕಿದರೂ ಹಿಡಿಯಲಿಲ್ಲ. ಮುಂದೆ ನಿವೇಶನ ಹಂಚುವ ಎರಡನೇ ಪಟ್ಟಿಯಲ್ಲಿ ನಿಮ್ಮ ಹೆಸರೇ ಮೊದಲು ಎಂದು ಆಯಿಗೆ ಮಾತು ಕೊಟ್ಟೆ. ಆಗಲೇ ಅವಳು ನಕ್ಷೆಯನ್ನು ಸುತ್ತಿ ಈ ದಾರ ಬಿಗಿದದ್ದು. "ಮಾತಿಗಿ ಗಂಟು ಹಾಕೇನಿ ತಮ್ಮಾ, ಮರೀಬ್ಯಾಡ."

ನಾನು ಮರೆಯಲಿಲ್ಲ. ಎರಡನೇ ಪಟ್ಟಿಯೇ ಬರಲಿಲ್ಲ... ಮಳೆಯಾದ ಮೇಲೆ ಅವಳು ಹಿಂಡಿನೊಂದಿಗೆ ಭಾಲ್ಕಿಯ ಕಡೆ ಹೊರಟುಹೋದಳು. ಕೆಲವು ವರ್ಷಗಳ ನಂತರ ಹುಡುಕಿಕೊಂಡು ಹೋದಾಗ ತಿಳಿಯಿತು: ಅಲ್ಲೊಂದು ಬಾಡಿಗೆಯ ತಗಡಿನ ಮನೆಯಲ್ಲಿ ಬೇಸಿಗೆಯಲ್ಲೇ ತೀರಿಕೊಂಡಿದ್ದಳು. ಮನೆಗೆ ಬಂದು ನಕ್ಷೆಯ ಸುರುಳಿಯನ್ನು ಅಟ್ಟಕ್ಕೆ ಹಾಕಿದೆ. ಮೊನ್ನೆಯವರೆಗೂ ಅದರ ಗಂಟು ಬಿಚ್ಚಲಿಲ್ಲ.

ಆದರೆ ಒಂದು ಮಾತನ್ನು ಎದೆ ತಟ್ಟಿ ಹೇಳುತ್ತೇನೆ. ಆಮೇಲೆ ನಾನು ಬರೆದ ಯಾವ ನಕ್ಷೆಯಲ್ಲೂ ಮೊದಲು ಮನೆ ಬರೆಯಲಿಲ್ಲ. ಮೊದಲು ಜನ ಕೂರುವ ಜಾಗ, ನೆರಳು, ಗಾಳಿಯ ದಾರಿ, ಮನೆ ಆಮೇಲೆ. ಯಾರು ಎಷ್ಟೇ ಗದರಿಸಿದರೂ ಇದನ್ನು ಬಿಟ್ಟುಕೊಡಲಿಲ್ಲ.

ಈಗ ಡಾಕ್ಟರು ದಿನಾ ನಡೆಯಿರಿ ಎಂದಿದ್ದಾರೆ. ನಾನು ಆ ದಿಬ್ಬಕ್ಕೇ ಹೋಗುತ್ತೇನೆ. ಬೇವಿನ ಕೆಳಗೆ ಹೆಂಗಸರು ಅವರೆಕಾಯಿ ಬಿಡಿಸುತ್ತಾರೆ, ಮುದುಕರು ಹರಟೆ ಹೊಡೆಯುತ್ತಾರೆ, ಮಕ್ಕಳ ಗಲಾಟೆಗೆ ಕೊನೆಯಿಲ್ಲ. ನಿನ್ನೆ ದಾರವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಪಕ್ಕದಲ್ಲಿ ಕೂಸನ್ನು ಮಲಗಿಸುತ್ತಿದ್ದ ಬಾಣಂತಿಗೆ ಆಯಿಯ ಕಥೆ ಹೇಳಿದೆ.

"ಅವರ ಮನಿ ಎಲ್ಲಿ ಅದರಿ ಅಜ್ಜಾ?" ಎಂದು ಕೇಳಿದಳು.

"ನೀ ಕುಂತಿಯಲ್ಲವ್ವಾ, ಅಲ್ಲೇ ಇರಬೇಕಿತ್ತು" ಎಂದೆ.

ಅವಳು ಗಡಬಡಿಸಿ ಏಳಲು ಹೋದಳು. ಕೈಹಿಡಿದು ಕೂರಿಸಿದೆ.