ಮಧ್ಯಾಹ್ನದ ಬಸ್ಸಿನ ಚೀಲಗಳು

ಮಟ್ಟುವಿನಿಂದ ಉಡುಪಿಗೆ ಹೋಗುವ ಮಧ್ಯಾಹ್ನದ ಬಸ್ಸಿಗೆ ಎಷ್ಟೋ ವರ್ಷ ನಾನು ಹತ್ತಿದವಳಲ್ಲ. ನನ್ನ ಊಟದ ಚೀಲಗಳು ಮಾತ್ರ ಹತ್ತುತ್ತಿದ್ದವು. ಉಡುಪಿ ಬಸ್‌ಸ್ಟ್ಯಾಂಡಿನ ಆಸುಪಾಸಿನ ಅಂಗಡಿಯವರಿಗೆ ಅಡುಗೆ ಮಾಡಿ ಕಳಿಸುವುದು ನನ್ನ ಕೆಲಸ. ಕುಚ್ಚಲಕ್ಕಿ ಅನ್ನ, ಗುಳ್ಳ ಬದನೆಯ ಹುಳಿ, ಒಂದು ಪಲ್ಯ, ಮಜ್ಜಿಗೆ. ಬಸ್ಸು ಬಂದ ಕೂಡಲೇ ಬುತ್ತಿಯ ಚೀಲಗಳನ್ನು ಡ್ರೈವರ್ ಪಕ್ಕದಲ್ಲಿ ಸಾಲಾಗಿ ಇಟ್ಟುಬಿಟ್ಟರೆ ಆಯಿತು. ಆ ತುದಿಯಲ್ಲಿ ಟೈಲರ್ ಅಂಗಡಿಯವನು ಇಳಿಸಿಕೊಂಡು ಹಂಚುತ್ತಿದ್ದ. ಸಂಜೆಯ ಬಸ್ಸಿನಲ್ಲಿ ಖಾಲಿ ಬುತ್ತಿ ವಾಪಸು ಬರುತ್ತಿತ್ತು.

ನಾನೊಬ್ಬಳೇ ಅಲ್ಲ. ನಮ್ಮಲ್ಲಿ ಎಲ್ಲರೂ ಹಾಗೆಯೇ. ಮಗಳಿಗೆ ಹೊಲಿಸಿದ ರವಿಕೆ, ಅಕ್ಕನ ಮನೆಗೆ ಬಸಳೆ, ಮರೆತು ಬಿಟ್ಟುಹೋದ ಕನ್ನಡಕ, ಎಲ್ಲವೂ ಬಸ್ಸಿನಲ್ಲಿ ಒಂಟಿಯಾಗಿ ಪ್ರಯಾಣ ಮಾಡುತ್ತವೆ. ಯಾರೂ ಕೇಳುವುದಿಲ್ಲ, ಯಾರೂ ಬರೆದುಕೊಳ್ಳುವುದಿಲ್ಲ.

ನನ್ನ ಮೈದುನ ಮಣಿಪಾಲದಲ್ಲಿ ಕಂಪ್ಯೂಟರ್ ಕೆಲಸದವನು. ನಮ್ಮ ಕಡೆಯ ಬಸ್ಸಿನ ಮಾಲೀಕರು ಎಲೆಕ್ಟ್ರಿಕ್ ಬಸ್ಸು ತರುವ ಯೋಚನೆ ಮಾಡಿದಾಗ, ಯಾವ ಬಸ್ಸು ಯಾವ ಹೊತ್ತಿಗೆ ಎಲ್ಲಿ ಓಡಿದರೆ ಒಳ್ಳೆಯದು ಎಂದು ಹೇಳುವ ಅಲ್ಗಾರಿದಮ್ ಮಾಡುವ ಕೆಲಸ ಅವನ ತಂಡಕ್ಕೆ ಸಿಕ್ಕಿತು. ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಜನರನ್ನು ಎಷ್ಟು ದೂರ ಒಯ್ಯಬಹುದು ಎಂಬುದೇ ಅದರ ಲೆಕ್ಕ. ಒಂದು ಭಾನುವಾರ ಊಟಕ್ಕೆ ಬಂದವನು ಅನ್ನ ಕಲಸುತ್ತಾ ಮೆಲ್ಲಗೆ ಬಾಯಿಬಿಟ್ಟ.

“ಅತ್ತಿಗೆ, ನಿಮ್ಮ ಮಧ್ಯಾಹ್ನದ ಬಸ್ಸಿಗೆ ಜನವೇ ಇಲ್ಲ. ಅದನ್ನು ತೆಗೆದು ಕಾರ್ಕಳ–ನಿಟ್ಟೆ ಕಡೆಗೆ ಹಾಕಿ ಅಂತ ಕಂಪ್ಯೂಟರಿನಲ್ಲಿ ಬರ್ತಾ ಉಂಟು. ಅಲ್ಲಿ ಕಾಲೇಜಿನ ಮಕ್ಕಳು ಬಾಗಿಲಲ್ಲಿ ನೇತಾಡ್ತಾ ಹೋಗ್ತಾರೆ.”

ನನಗೆ ಪಿತ್ತ ನೆತ್ತಿಗೇರಿತು. ಆ ಬಸ್ಸು ಹೋದರೆ ನನ್ನ ಕೆಲಸವೂ ಹೋದಂತೆಯೇ.

“ಎಂತ ಮಾರಾಯ, ನೀನು ಈಗ ಉಣ್ಣುವ ಈ ಹುಳಿಯೇ ಅದರಲ್ಲಿ ದಿನಾ ಹೋಗ್ತದೆ! ಬಸ್ಸಿಲ್ಲದಿದ್ದರೆ ಒಂದೊಂದು ಚೀಲಕ್ಕೂ ಒಬ್ಬೊಬ್ಬ ಸ್ಕೂಟರಿನಲ್ಲಿ ಉಡುಪಿಗೆ ಓಡಬೇಕು. ಆ ಹೊಗೆ ನಿನ್ನ ಲೆಕ್ಕದಲ್ಲಿ ಉಂಟಾ? ಚೀಲವನ್ನೂ ಲೆಕ್ಕಕ್ಕೆ ಹಿಡಿ.”

ಅವನು ತಲೆ ಎತ್ತಿದ. “ಹಿಡಿಯಬಹುದು. ಆದರೆ ಅತ್ತಿಗೆ, ಈಗ ಅದು ಯಾರ ಕಣ್ಣಿಗೂ ಬೀಳದೆ ನಡೀತಾ ಉಂಟು. ಬರೆದರೆ ಎಲ್ಲರಿಗೂ ಕಾಣ್ತದೆ.”

“ಕಾಣಲಿ! ಕದ್ದ ಮಾಲಾ ಅದು?” ಎಂದೆ.

ಅವನು ಮಜ್ಜಿಗೆ ಬಡಿಸಿಕೊಂಡ. ನಾನು ಹೇಳಿದ ಹಾಗೆಯೇ ಮಾಡಿದ. ಅವನ ತಂಡದ ಹುಡುಗಿಯೊಬ್ಬಳು ಕೆಲವು ದಿನ ಆ ಬಸ್ಸಿನಲ್ಲಿ ಕುಳಿತು ಚೀಲ ಎಣಿಸಿದಳು. ಪ್ರತಿ ಚೀಲಕ್ಕೂ ಒಂದು ಸ್ಕೂಟರಿನ ಓಡಾಟ ಉಳಿಯಿತು ಎಂದು ಅಲ್ಗಾರಿದಮ್ಮಿಗೆ ತಿಳಿಸಿದರು. ಮಧ್ಯಾಹ್ನದ ಬಸ್ಸನ್ನು ಉಳಿಸಬೇಕು ಎಂದು ಅದು ಹೇಳಿತು. ಅವನು ಫೋನ್ ಮಾಡಿ ತಿಳಿಸಿದ ದಿನ ಖುಷಿಗೆ ಪಾಯಸ ಮಾಡಿ ಎಲ್ಲ ಬುತ್ತಿಗೂ ಹಾಕಿ ಕಳಿಸಿದೆ. ಕಂಪ್ಯೂಟರಿಗೆ ಬುದ್ಧಿ ಕಲಿಸಿದವಳು ನಾನು ಎಂದು ಕಾಪುವಿನ ತಂಗಿಗೂ ಹೇಳಿಕೊಂಡೆ. ಜಂಭ ಸ್ವಲ್ಪ ಇತ್ತು, ಇಲ್ಲವೆನ್ನುವುದಿಲ್ಲ.

ಹೊಸ ಬಸ್ಸು ಬಂತು. ಸದ್ದಿಲ್ಲ, ಹೊಗೆಯಿಲ್ಲ, ಚಂದವೇ ಇತ್ತು. ಎಂದಿನಂತೆ ಚೀಲ ಎತ್ತಿಕೊಟ್ಟೆ. ಕಂಡಕ್ಟರ್ ಕೈ ಚಾಚಲಿಲ್ಲ. ಬಾಗಿಲ ಮೇಲಿನ ಬೋರ್ಡು ತೋರಿಸಿದ: ಜೊತೆಗೆ ಪ್ರಯಾಣಿಕರಿಲ್ಲದ ಸಾಮಾನು ಒಯ್ಯುವಂತಿಲ್ಲ.

“ಅಕ್ಕ, ನನ್ನದೇನಿಲ್ಲ. ಮಾಲೀಕರು ಚೀಲ ಎಣಿಸಿದ ವರದಿ ನೋಡಿದ್ರಂತೆ. ಯಾರದೂ ಅಲ್ಲದ ಇಷ್ಟು ಚೀಲ ದಿನಾ ಹೋಗ್ತಾ ಉಂಟಾ, ನಾಳೆ ಹೆಚ್ಚುಕಡಿಮೆ ಆದ್ರೆ ಯಾರು ಜವಾಬ್ದಾರಿ ಅಂತ ಕೇಳಿದ್ರಂತೆ.”

ನಾನು ಚೀಲಗಳ ಸಮೇತ ಹತ್ತಿಬಿಟ್ಟೆ. ಅನ್ನ ಆರುತ್ತಿತ್ತು, ಬೇರೆ ಏನು ಮಾಡುವುದು? ಕಟಪಾಡಿಯವರೆಗೂ ಮಾಲೀಕರನ್ನು ಬೈದೆ, ಅಲ್ಲಿಂದ ಮುಂದೆ ನನ್ನನ್ನೇ ಬೈದುಕೊಂಡೆ. ಮಾಡಿದ್ದುಣ್ಣೋ ಮಹರಾಯ! ಆ ಸಂಜೆ ಮೈದುನನಿಗೆ ಫೋನ್ ಮಾಡಿದಾಗ ಅವನು “ನಾನು ಹೇಳಿದ್ದೆ ಅಲ್ವಾ” ಎಂದು ಒಂದು ಮಾತೂ ಅನ್ನಲಿಲ್ಲ. ಮಾಲೀಕರ ಹತ್ತಿರ ಹೋಗಿ ಕೇಳಿಯೂ ಬಂದ. ಅವರು ಒಪ್ಪಲಿಲ್ಲ.

ಅಂದಿನಿಂದ ದಿನವೂ ನಾನೇ ಹೋಗುತ್ತೇನೆ. ಹೋಗಿ ಹಂಚಿ ಬರುವಷ್ಟರಲ್ಲಿ ಹೊತ್ತು ಕಂತುವ ಸಮಯ. ಮರುದಿನಕ್ಕೆ ತರಕಾರಿ ಹೆಚ್ಚಲೂ ಸೊಂಟದಲ್ಲಿ ಬಲವಿರುವುದಿಲ್ಲ. ಎರಡು ಕೈಯಲ್ಲಿ ಹಿಡಿಯುವಷ್ಟೇ ಬುತ್ತಿ ಮಾಡುವುದೆಂದು ಕೊನೆಗೆ ತೀರ್ಮಾನಿಸಿ, ಕೆಲವು ಅಂಗಡಿಗಳನ್ನು ಬಿಡಬೇಕಾಯಿತು. ಬಸ್‌ಸ್ಟ್ಯಾಂಡಿನಿಂದ ದೂರವಿದ್ದವರನ್ನು ಮೊದಲು ಬಿಟ್ಟೆ. ಅಷ್ಟೂ ಸಾಲದೆ ಟೈಲರನಿಗೂ ಹೇಳಬೇಕಾಯಿತು. ಅವನು ಗದಗ ಕಡೆಯವನು. ಇಲ್ಲಿಯ ಹುಳಿಗೆ ಬೆಲ್ಲ ಹೆಚ್ಚು ಎಂದು ಮೊದಲೆಲ್ಲ ಗೊಣಗುತ್ತಿದ್ದವನು, ಆಮೇಲೆ ಅದೇ ಬೇಕು ಎನ್ನುತ್ತಿದ್ದ. ಇಷ್ಟು ವರ್ಷ ಒಂದು ದಿನವೂ ಬೇಸರ ಮಾಡದೆ ನನ್ನ ಚೀಲ ಇಳಿಸಿಕೊಂಡವನು.

“ನಾಳೆಯಿಂದ ನಿಮಗೆ ಊಟ ತರೂದು ಕಷ್ಟ, ನಾನೊಬ್ಬಳೇ ಅಲ್ವಾ” ಎಂದೆ.

ಅವನು ಮೆಷಿನ್ ನಿಲ್ಲಿಸಿದ. “ಇರ್ಲಿ ಬಿಡ್ರಿ ಅಕ್ಕಾರ. ಬಸ್ಸು ಉಳೀತಲ್ಲ, ಅಷ್ಟ್ ಸಾಕು” ಎಂದು ಮತ್ತೆ ಹೊಲಿಯತೊಡಗಿದ.

ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ. ಮೊನ್ನೆ ಮೈದುನ ಹೇಳಿದ, ಮಧ್ಯಾಹ್ನದ ಬಸ್ಸಿಗೆ ಈಗ ಜನ ಹೆಚ್ಚಾಗಿದ್ದಾರಂತೆ. ನನ್ನ ಹಾಗೆ ಚೀಲ ಹಿಡಿದು ಕೂತವರು ಇನ್ನೂ ನಾಲ್ಕಾರು ಹೆಂಗಸರಿದ್ದಾರೆ, ನಾವೇ ಆ ಜನ.